ಶಾಲೆ ಬಿಟ್ಟ ಹುಡುಗಿ

“ನಿಮ್ಮ ಮಗಳು ಏಳನೇ ಕ್ಲಾಸಿನಿಂದ ಹೊರಗೇ ಬಂದಿಲ್ವಲ್ಲಮ್ಮ!” ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ.

ಮಗಳು ತಾಯಿಯ ಪಕ್ಕದಲ್ಲೇ ನಿಂತಿದ್ದಳು, ಎಂಟನೇ ತರಗತಿಯ ಸಮವಸ್ತ್ರದಲ್ಲಿ. ವರ್ಷವಿಡೀ ಎಂಟರಲ್ಲಿ ಕೂತು, ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದವಳ ಹೆಸರು ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ. ಇವತ್ತೇ ಕಡೆಯ ದಿನ. ಸಂಜೆ ಐದಕ್ಕೆ ಪಟ್ಟಿ ಮುಚ್ಚಿದರೆ ಅವಳ ಒಂದು ವರ್ಷ ಮಣ್ಣುಪಾಲು.

ಆಗಿದ್ದಿಷ್ಟು. ಶಿಕ್ಷಣ ಇಲಾಖೆಯಲ್ಲಿ ಏಳರವರೆಗಿನ ಮಕ್ಕಳು ಕೆಳಗಿನ ಪ್ರಾಥಮಿಕ ವಿಭಾಗದ ಸ್ವತ್ತು, ಎಂಟರಿಂದಾಚೆಯವರು ಮಹಡಿಯ ಮೇಲಿನ ಪ್ರೌಢ ವಿಭಾಗದ್ದು. ಮಗುವನ್ನು ಕೆಳಗಿನಿಂದ ಮೇಲಕ್ಕೆ ದಾಟಿಸಲು ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಕಂಪ್ಯೂಟರಿನಲ್ಲಿ ಬಿಡುಗಡೆಯ ಗುಂಡಿ ಒತ್ತಬೇಕು. ಆ ಶಾಲೆಯನ್ನು, ಮಕ್ಕಳು ಕಡಿಮೆಯೆಂದು, ಇದೇ ಇಲಾಖೆ ರಜೆಯಲ್ಲಿ ಮುಚ್ಚಿತ್ತು. ಏಳರಲ್ಲಿದ್ದವಳು ಇವಳೊಬ್ಬಳೇ. ಮುಚ್ಚುವ ಆತುರದಲ್ಲಿ ಅವಳನ್ನು ಬಿಡುಗಡೆ ಮಾಡುವುದು ಮರೆತುಹೋಯಿತು. ಹೊಸ ಶಾಲೆಯೂ ಕಾಗದ ಆಮೇಲೆ ಬಂದೀತೆಂದು ಅವಳನ್ನು ಎಂಟರಲ್ಲಿ ಕೂರಿಸಿಕೊಂಡಿತು. ಇಂಥ ಘನಂದಾರಿಗಳ ಕೈಗೆ ದೇಶದ ಮಕ್ಕಳನ್ನೆಲ್ಲ ಒಪ್ಪಿಸಿ ಕೂತಿದ್ದೇವೆ!

ತಾಯಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ರಜೆ ಹಾಕಿ ಬಂದವಳು ಬೆಳಗಿನಿಂದ ನಾಲ್ಕು ಸಲ ಮೆಟ್ಟಿಲು ಹತ್ತಿಳಿದಿದ್ದಳು.

“ನಮ್ಮಲ್ಲಿಗೆ ಬರದೇ ಇರೋ ಮಗೂನ ನಾವು ಹೇಗ್ರೀ ಸೇರಿಸ್ಕೊಳ್ಳೋದು? ಕೆಳಗೆ ಕೇಳಿ,” ಎಂದಿದ್ದಳು ಮೇಲಿನವಳು.

“ಇಲ್ಲದ ಶಾಲೆಯಿಂದ ನಾವು ಹೇಗೆ ಬಿಡಿಸೋದು? ಮೇಲೆ ಕೇಳಿ,” ಎಂದಿದ್ದ ಕೆಳಗಿನ ಈ ಗುಮಾಸ್ತ.

ಮೂರೂವರೆಗೆ ಊಟ ಮುಗಿಸಿ ಬಂದ ಅಧಿಕಾರಿ ಹಲ್ಲಿಗೆ ಕಡ್ಡಿ ಹಾಕುತ್ತಲೇ ಕತೆ ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು.

“ಇಷ್ಟೇನಾ? ಶಾಲೆ ಬಿಟ್ಟ ಮಕ್ಕಳನ್ನ ಮರಳಿ ತರೋ ಯೋಜನೆ ಇದೆಯಲ್ಲಯ್ಯ, ಅದ್ರಲ್ಲಿ ಹಾಕು. ಐವತ್ತಕ್ಕೆ ನಲವತ್ತೊಂಬತ್ತಾಗಿದೆ, ಗುರಿನೂ ಮುಟ್ಟುತ್ತೆ. ವಯಸ್ಸು ನೋಡಿ ನೇರ ಎಂಟಕ್ಕೇ ಸೇರಿಸ್ಬಹುದು. ಹೊಸ ನಂಬರು, ಪರೀಕ್ಷೆಗೂ ಹೆಸರು.”

“ಸಾರ್, ಇವಳು ಒಂದು ದಿನಾನೂ ಶಾಲೆ ತಪ್ಪಿಸಿಲ್ಲ. ಜ್ವರ ಬಂದಾಗ್ಲೂ ಹೋಗಿದ್ದಾಳೆ.”

“ಅದು ನಿಮಗೆ ಗೊತ್ತು, ನನಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಾ?” ಎಂದು ಅಧಿಕಾರಿ ತನ್ನ ಮಾತಿಗೆ ತಾನೇ ನಕ್ಕು ಒಳಗೆ ಹೋದ.

ಗುಮಾಸ್ತ ಅರ್ಜಿ ತೆಗೆದ. ಶಾಲೆ ಬಿಟ್ಟ ಕಾರಣಕ್ಕೆ ಮೂರು ಚೌಕಗಳಿದ್ದವು. “ಕೂಲಿಗೆ ಕಳಿಸಿದ್ರಿ ಅಂತ ಬರೆದ್ರೆ ಕೇಸಾಗುತ್ತೆ. ಮದುವೆ ಅಂದ್ರೆ ಪೊಲೀಸ್ ಬರ್ತಾರೆ. ಪೋಷಕರ ನಿರಾಸಕ್ತಿ ಅಂತ ಹಾಕ್ತೀನಿ, ಯಾರೂ ಕೇಳಲ್ಲ. ಇಲ್ಲಿ ಸಹಿ ಮಾಡಿ.”

ರಕ್ತ, ಕೀವು ಮೆತ್ತಿದ ಹಾಸಿಗೆ ಬಟ್ಟೆಗಳನ್ನು ಮೂಗು ಮುರಿಯದೆ ಒಗೆಯುವ ಹೆಂಗಸು ಆ ಬಿಳಿಯ ಹಾಳೆಯನ್ನು ತುದಿಬೆರಳಲ್ಲಿ ಹಿಡಿದು ಎಳೆದುಕೊಂಡಳು. ಈ ಮಗುವಿನ ಫೀಸಿಗೆ, ಪುಸ್ತಕಕ್ಕೆ ಎರಡು ಪಾಳಿ ದುಡಿದವಳು ತಾನು ನಿರಾಸಕ್ತಳೆಂದು ಒಪ್ಪಿ ಸಹಿ ಹಾಕಿದಳು.

“ಇನ್ನೊಂದೇ ಇರೋದು,” ಗುಮಾಸ್ತ ಮಗಳ ಮುಂದೆ ಗೆರೆ ಹಾಕಿದ ಹಾಳೆ, ಪೆನ್ಸಿಲು ಇಟ್ಟ. “ಅಕ್ಷರ ಪರೀಕ್ಷೆ. ಅ ಆ ಇ ಈ ಬರಿಯಮ್ಮ.”

ಅವಳು ತಲೆಯೆತ್ತದೆ ಬರೆದಳು. ಎರಡು ನಿಮಿಷದಲ್ಲಿ ಅ ಇಂದ ಳ ವರೆಗೆ ಹಾಳೆ ತುಂಬಿತು. ಗುಮಾಸ್ತ ನೋಡಿ ಹಣೆ ಚಚ್ಚಿಕೊಂಡ.

“ಅಯ್ಯೋ, ಇಷ್ಟು ದುಂಡಗೆ ಬರೆದ್ರೆ ಹೇಗೆ? ಅಕ್ಷರ ಬರದಿರೋ ಮಕ್ಕಳಿಗೆ ಕಣಮ್ಮ ಈ ಯೋಜನೆ. ಸೊಟ್ಟಗಿರ್ಬೇಕು, ತಪ್ಪಿರ್ಬೇಕು. ಇಲ್ಲಾಂದ್ರೆ ಮೇಲಧಿಕಾರಿಗಳು ವಾಪಸ್ ಕಳಿಸ್ತಾರೆ.” ಅವನು ಆ ಹಾಳೆಯನ್ನು ಹರಿದು ಬುಟ್ಟಿಗೆಸೆದು ಇನ್ನೊಂದನ್ನು ಕೊಟ್ಟ.

ನಾಲ್ಕು ಇಪ್ಪತ್ತಾಗಿತ್ತು. ಮಗಳು ತಾಯಿಯ ಮುಖ ನೋಡಿದಳು.

“ಬರಿ ಪುಟ್ಟಿ,” ಎಂದಳು ತಾಯಿ.

ಮಗಳು ಪೆನ್ಸಿಲನ್ನು ಎಡಗೈಗೆ ಬದಲಾಯಿಸಿಕೊಂಡಳು. ತುಟಿ ಕಚ್ಚಿ ಹಿಡಿದು, ಗೆರೆ ದಾಟಿಸುತ್ತ, ನಿಧಾನವಾಗಿ ಅ ತಿದ್ದತೊಡಗಿದಳು.