ತಿಳಿನೀರಿನ ಮೇಸ್ತ್ರಿ

ಊರಿನ ಕೊಳಚೆಯೆಲ್ಲ ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಮೇಸ್ತ್ರಿಯ ದಿನ ಶುರುವಾಗುತ್ತಿದ್ದುದು ಒಂದು ಗಾಜಿನ ಲೋಟದಿಂದ. ಹೊಳೆಗೆ ಬಿಡುವ ನೀರನ್ನು ಅದರಲ್ಲಿ ಹಿಡಿದು, ಗೋಡೆಯ ಕ್ಯಾಲೆಂಡರಿನ ಮುಂದಿಟ್ಟು, ನೀರಿನ ಮೂಲಕ ತಾರೀಕು ಓದುತ್ತಿದ್ದ. ಓದಲು ಬಂದರೆ ನೀರು ಶುದ್ಧ. ಮಸುಕಾಗಿ ಕಂಡರೆ ತೊಟ್ಟಿಯ ಕೆಸರನ್ನು ಹೊರಹಾಕಿಸುತ್ತಿದ್ದ. ಇಪ್ಪತ್ತು ವರ್ಷದ ಅನುಭವ. ಯಾರ ಮಾತಿಗೂ ಸೊಪ್ಪು ಹಾಕುವ ಆಸಾಮಿಯಲ್ಲ.

ಹೊಸದಾಗಿ ಬಂದ ಲ್ಯಾಬಿನ ಹುಡುಗಿ ಹೇಳಿ ನೋಡಿದಳು. ಜನರ ಮೂತ್ರದಲ್ಲಿ, ಅವರು ನುಂಗುವ ಮಾತ್ರೆಗಳಿಂದ, ಹಾರ್ಮೋನು ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೊಳೆಯ ಗಂಡು ಮೀನುಗಳನ್ನು ಹೆಣ್ಣಾಗಿಸುತ್ತದೆ. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ತಿನ್ನಬೇಕು. ಅವಕ್ಕೆ ಗಾಳಿ ಬೇಕು, ಇಪ್ಪತ್ತು ದಿನವಾದರೂ ಅವು ತೊಟ್ಟಿಯಲ್ಲಿರಬೇಕು, ನೀವು ಐದೇ ದಿನಕ್ಕೆ ಎತ್ತಿ ಎಸೆಯುತ್ತೀರಿ ಎಂದಳು. ಕೆಸರು ಸಾಕೋಕೆ ಇದೇನು ದನದ ಕೊಟ್ಟಿಗೆಯಾ ಎಂದು ಮೇಸ್ತ್ರಿ ನಕ್ಕ.

ಆ ವಾರವೇ ಅವನ ಬಾವ, ಅಕ್ಕನ ಗಂಡ, ಬುಟ್ಟಿ ಹೊತ್ತು ಬಂದ. ಹೊಳೆಯ ಕೆಳಭಾಗದಲ್ಲಿ ಮೀನು ಹಿಡಿದೇ ಬದುಕಿದವನು. ಎರಡು ವರ್ಷದಿಂದ ಹೊಳೆಯಲ್ಲಿ ಮರಿಗಳೇ ಕಾಣುತ್ತಿಲ್ಲ, ಹೀಗಾದರೆ ನಾನು ಮೀನು ಹಿಡಿಯುವುದನ್ನೇ ಬಿಡಬೇಕಷ್ಟೆ ಎಂದ. ಕೊಯ್ದ ಗಂಡು ಮೀನೊಂದನ್ನು ತೆಗೆದು, ಅದರ ಹೊಟ್ಟೆಯೊಳಗಿನ ಮೊಟ್ಟೆಗಳನ್ನು ತೋರಿಸಿದ. ಏನಾದರೂ ಮಾಡು ಎಂದು ಭಾವಮೈದುನನ ಕೈ ಹಿಡಿದುಕೊಂಡ. ಕೆಲಸಗಾರರೆಲ್ಲ ಸುತ್ತ ನಿಂತಿದ್ದರು.

"ಗಂಡು ಯಾವುದು, ಹೆಣ್ಣು ಯಾವುದು ಅಂತ ನಿಮಗೆ ಗೊತ್ತಿದ್ದಿದ್ರೆ ನಮ್ಮಕ್ಕನ ಮಡಿಲು ಯಾಕೆ ಬಾವ ಖಾಲಿ ಇರ್ತಿತ್ತು?"

ಅಂಥ ಮಾತನ್ನು ಹಗೆಗೂ ಆಡಬಾರದು. ಅವನು ಆಡಿದ, ಉಳಿದವರು ಬಿದ್ದು ಬಿದ್ದು ನಕ್ಕರು. ಬಾವ ಬುಟ್ಟಿ ಎತ್ತಿಕೊಂಡು ಹೊರಟುಹೋದ.

ಆರು ತಿಂಗಳ ಮೇಲೆ ಅಕ್ಕ ಬಂದು, ಮನೆಯಲ್ಲಿ ಒಲೆ ಉರಿಯುತ್ತಿಲ್ಲ, ಅವರಿಗೊಂದು ಕೆಲಸ ಕೊಡು ಎಂದು ಅತ್ತಳು. ಮೇಸ್ತ್ರಿ ಕೊಟ್ಟ. ಎಂಥ ಕೆಲಸ? ಘಟಕದ ಬಾಗಿಲಲ್ಲಿ, ನಮ್ಮ ನೀರು ಎಷ್ಟು ಶುದ್ಧ ಅಂತ ಬಂದವರಿಗೆ ತೋರಿಸಲು, ಅದೇ ನೀರಿನಲ್ಲಿ ಮೀನು ಬಿಟ್ಟ ಗಾಜಿನ ಪೆಟ್ಟಿಗೆಯಿತ್ತು. ಅದನ್ನು ತೊಳೆಯುವುದು, ಸತ್ತ ಮೀನು ತೆಗೆದು ಅಂಗಡಿಯಿಂದ ತಂದದ್ದನ್ನು ಬಿಡುವುದು. ಗಾಯದ ಮೇಲೆ ಬರೆ ಎಳೆಯುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

ತಪಾಸಣೆಗೆ ಅಧಿಕಾರಿ ಬಂದಾಗ ಮೇಸ್ತ್ರಿ ಬಾವನನ್ನೇ ಮುಂದಕ್ಕೆ ತಳ್ಳಿದ. ಇವರು ಹುಟ್ಟು ಮೀನುಗಾರರು, ನೀರು ಹೇಗಿದೆ ಅಂತ ಇವರನ್ನೇ ಕೇಳಿ ಎಂದ. ಬಾವ ಒಮ್ಮೆ ಮೇಸ್ತ್ರಿಯ ಮುಖ ನೋಡಿದ.

"ಚೆನ್ನಾಗಿದೆ ಸಾರ್. ಮೀನಿಗೆ ಏನೂ ತೊಂದರೆ ಇಲ್ಲ."

ಅಧಿಕಾರಿ ಭೇಷ್ ಎಂದು ರುಜು ಹಾಕಿ ಹೋದ. ಬಾವ ತಲೆ ಎತ್ತದೆ ಗಾಜು ಒರೆಸತೊಡಗಿದ. ಅನ್ನ ಕಸಿದ ನೀರನ್ನು ಅವನ ಬಾಯಿಂದಲೇ ಹೊಗಳಿಸಿದೆನಲ್ಲ ಎಂದು ಮೇಸ್ತ್ರಿಗೆ ಆಗ ಅರಿವಾಯಿತು.

ಮಧ್ಯಾಹ್ನ ಲ್ಯಾಬಿಗೆ ಹೋಗಿ, ಇಪ್ಪತ್ತು ದಿನ ಅಂದಿದ್ದೆಯಲ್ಲಮ್ಮ, ಹೇಗೆ ಮಾಡಬೇಕು ಬರೆದುಕೊಡು ಎಂದ. ಕೆಸರು ಹೊರಹಾಕುವ ವಾಲ್ವನ್ನು ತಾನೇ ಮುಚ್ಚಿದ. ನಿಲ್ಲಿಸಿಟ್ಟಿದ್ದ, ತೊಟ್ಟಿಗೆ ಗಾಳಿ ಊದುವ ಯಂತ್ರ ಚಾಲೂ ಮಾಡಿದ. ನೀರು ಮಸುಕಾಯಿತು. ಮೇಲಿನವರು ಬೈದರು. ತಪ್ಪು ನನ್ನದೇ, ಇನ್ನು ಮೇಲೆ ಹೀಗೇ ನಡೆಯೋದು ಎಂದ. ಎರಡು ತಿಂಗಳ ನಂತರ ಪರೀಕ್ಷೆಯ ವರದಿ ಬಂತು. ಹಾರ್ಮೋನು ಮುಕ್ಕಾಲು ಪಾಲು ಇಳಿದಿತ್ತು. ಕಾಗದ ಹಿಡಿದು ಅವನು ಬಾವನ ಹತ್ತಿರ ಓಡಿದ.

"ಬಾವ, ಹೊಳೆ ಸರಿಹೋಗುತ್ತೆ. ನೀವು ಮತ್ತೆ ಬಲೆ ಹಾಕಬಹುದು."

"ಯಾವಾಗ ಸಾರ್?"

"ನಾಲ್ಕೈದು ವರ್ಷ ಹಿಡಿಯುತ್ತಂತೆ."

"ನನಗೆ ಅರವತ್ತಮೂರು ಸಾರ್. ದೋಣಿ ಒಡೆದು ಒಲೆಗಿಟ್ಟೇ ನಾನು ಇಲ್ಲಿಗೆ ಬಂದಿದ್ದು."

ಮೇಸ್ತ್ರಿ ಅವನ ಎರಡೂ ಕೈ ಹಿಡಿದುಕೊಂಡ. ನನ್ನನ್ನು ಸಾರ್ ಅನ್ನಬೇಡಿ ಬಾವ, ನಿಮ್ಮ ಕಾಲಿಗೆ ಬೀಳ್ತೀನಿ ಎಂದ.

ಬಾವ ಕೈ ಬಿಡಿಸಿಕೊಂಡು ಗಾಜು ಒರೆಸುವ ಬಟ್ಟೆ ಹಿಂಡಿದ.

"ಆಗಲಿ ಸಾರ್."