ಐದು ಅಡಿ ಆಳ

ರಾಯ್ಸ್ ಹ್ಯಾಚರ್ ಆ ಪುಟ್ಟ ಡೆಸ್ಕಿನೊಳಗೆ ಮೊಣಕಾಲು ತೂರಿಸಿ ಕೂರಲು ಪಟ್ಟ ಪಾಡು ಬೇರೆ ಯಾವ ದಿನವಾಗಿದ್ದರೂ ಲೊರೀನ್ ಕಾಬ್‌ಗೆ ನಗು ತರಿಸುತ್ತಿತ್ತು. ಎಪ್ಪತ್ತರ ಹತ್ತಿರದ ಆಸಾಮಿ, ಟೈರ್ ಅಂಗಡಿಯಲ್ಲಿ ಬದುಕಿಡೀ ಲಾರಿ ಚಕ್ರ ಎತ್ತಿದ ಮೈ. ಡೆಸ್ಕೋ ಹದಿನಾರರ ಮಕ್ಕಳ ಅಳತೆಯದು. ಆದರೆ ಇವತ್ತು ನಗುವ ದಿನವಾಗಿರಲಿಲ್ಲ. ರಾಯ್ಸ್ ಶಾಲಾ ಮಂಡಳಿಯ ಸದಸ್ಯ. ಅವಳ ಅಮೆರಿಕದ ಇತಿಹಾಸದ ಪಾಠವನ್ನು ಕಣ್ಣಾರೆ ನೋಡಿ, ಸಂಜೆ ಮಂಡಳಿಯ ಸಭೆಯಲ್ಲಿ ವರದಿ ಒಪ್ಪಿಸಲು ಬಂದು ಕೂತಿದ್ದ.

ಯಾರೋ ಒಬ್ಬ ತಂದೆ ದೂರು ಕೊಟ್ಟಿದ್ದ. ಈ ಟೀಚರಮ್ಮ ಹಳೆಯ ಗಾಯಗಳನ್ನು ಕೆರೆಯುತ್ತಾಳೆ, ಮಗಳು ಮನೆಗೆ ಬಂದು ಊಟ ಬಿಟ್ಟು ಮಲಗಿದಳು ಎಂದು. ಮಂಡಳಿ ಆಗಷ್ಟೇ ಹೊಸ ನಿಯಮ ಮಾಡಿತ್ತು: ಪಾಠದಿಂದ ತರಗತಿಯಲ್ಲಿ ಕೂತ ಯಾರ ಮನಸ್ಸಿಗೂ ನೋವಾಗಬಾರದು. ನಡೆದದ್ದನ್ನು ನಡೆದ ಹಾಗೆ ಹೇಳಿ ಯಾರನ್ನೂ ನೋಯಿಸದೆ ಇರುವುದು ಹೇಗೆ ಎಂಬುದನ್ನು ಮಾತ್ರ ನಿಯಮ ಬರೆದ ಮಹಾನುಭಾವರು ತಿಳಿಸಿರಲಿಲ್ಲ.

ಬೆಳಿಗ್ಗೆ ಪಡಸಾಲೆಯಲ್ಲೇ ರಾಯ್ಸ್ ಅವಳನ್ನು ನಿಲ್ಲಿಸಿ ಹೇಳಿದ್ದ. "ನೋಡಿ ಮಿಸ್ ಲೊರೀನ್, ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲ. ಪುಸ್ತಕದಲ್ಲಿ ಇರೋದನ್ನ ಹೇಳಿ, ಇಲ್ಲದ್ದನ್ನ ಬಿಡಿ. ಎಲ್ರೂ ನೆಮ್ಮದಿಯಾಗಿ ಮನೆಗೆ ಹೋಗೋಣ. ಅಂದಹಾಗೆ ವೆಂಡೆಲ್ ಹೇಗಿದಾನೆ?"

ಕೊನೆಯ ಪ್ರಶ್ನೆಯನ್ನು ಆತ ನಿಜವಾದ ಕಾಳಜಿಯಿಂದಲೇ ಕೇಳಿರಬಹುದು. ಆದರೆ ಲೊರೀನ್‌ಗೆ ಚುಚ್ಚಿದಂತಾಯಿತು. ವೆಂಡೆಲ್ ಅವಳ ಗಂಡ. ಎರಡು ವರ್ಷದಿಂದ ರಕ್ತದ ಕ್ಯಾನ್ಸರ್. ಅವನನ್ನು ಜೀವಂತ ಇಟ್ಟಿದ್ದ ಔಷಧಿ ಬರುತ್ತಿದ್ದದ್ದು ಅವಳ ಕೆಲಸದ ಜೊತೆಗಿನ ವಿಮೆಯಿಂದ. ಪ್ರತಿ ವಸಂತದಲ್ಲಿ ಮಂಡಳಿ ಅವಳ ಒಪ್ಪಂದವನ್ನು ಮುಂದಿನ ವರ್ಷಕ್ಕೆ ಮುಂದುವರಿಸಬೇಕು. ಮುಂದುವರಿಸದಿದ್ದರೆ ಕೆಲಸ ಹೋಯಿತು, ಅದರ ಹಿಂದೆ ವಿಮೆ, ಅದರ ಹಿಂದೆ ಔಷಧಿ. ಅದರಾಚೆಗೆ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಇಷ್ಟು ಸಾಲದೆಂಬಂತೆ ರಾಯ್ಸ್ ಬಂದದ್ದು ಹಗ್ಗದ ದಿನವೇ.

ಹಾರ್ಲೋ ಬೆಂಡ್ ಶಾಲೆಯಲ್ಲಿ ಹಗ್ಗದ ದಿನವೆಂದರೆ ಗೊತ್ತಿಲ್ಲದವರಿಲ್ಲ. ರಾಜ್ಯದ ಪರೀಕ್ಷೆಗೆ ಮುಂಚಿನ ವಾರ ಲೊರೀನ್ ತರಗತಿಯ ಕಿಟಕಿಯಿಂದ ಬಾಗಿಲವರೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತಾಳೆ. ಕಿಟಕಿಯ ಕಡೆಗೆ ಮೂವತ್ತರ ದಶಕದ ಮಹಾ ಆರ್ಥಿಕ ಕುಸಿತ, ಬಾಗಿಲ ಕಡೆಗೆ ಮೊನ್ನೆ ಮೊನ್ನೆಯ ಮಹಾಮಾರಿ. ನಡುವಿನದೆಲ್ಲ, ಯುದ್ಧಗಳು, ಮೆರವಣಿಗೆಗಳು, ಕೊಲೆಗಳು, ಚಂದ್ರನ ಮೇಲಿನ ನಡಿಗೆ, ಕುಸಿದ ಗೋಪುರಗಳು, ಚೀಟಿಗಳಾಗಿ ಸಾಲಾಗಿ ತೂಗುತ್ತವೆ. ಪ್ರತಿ ವಿದ್ಯಾರ್ಥಿಯೂ ಮನೆಯಿಂದ ಒಂದು ವಸ್ತು ತಂದು ಸರಿಯಾದ ಇಸವಿಯ ಹತ್ತಿರ ಕ್ಲಿಪ್ಪು ಹಾಕಿ ನೇತುಹಾಕಬೇಕು. ನೇತುಹಾಕಿ ಮೂರು ಮಾತು ಹೇಳಬೇಕು: ಯಾವ ಇಸವಿ, ಏನು ಬದಲಾಯಿತು, ಮನೆಯಲ್ಲಿ ಅದು ಯಾರಿಗೆ ನೆನಪಿದೆ. ತಂದ ವಸ್ತುವನ್ನು ಬೇಡವೆನ್ನುವಂತಿಲ್ಲ. ಅದು ಲೊರೀನ್ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಕೋಣೆಯಲ್ಲಿ ಕೂತವರೆಲ್ಲ ಏನಾದರೊಂದು ನೇತುಹಾಕಲೇಬೇಕೆಂಬುದು ಮಕ್ಕಳು ಸೇರಿಸಿದ ಕಟ್ಟಳೆ. ಒಮ್ಮೆ ಬಲ್ಬು ಬದಲಿಸಲು ಬಂದ ಎಲೆಕ್ಟ್ರಿಷಿಯನ್‌ನಿಂದಲೂ ಅವನ ಟೋಪಿ ಕಿತ್ತು ನೇತುಹಾಕಿಸಿದ್ದರು.

"ಮಿಸ್ಟರ್ ರಾಯ್ಸ್, ನೀವೇನು ತಂದಿದೀರಿ?" ಎಂದು ಮುಂದಿನ ಸಾಲಿನಿಂದ ಕೋಲ್ಬಿ ಕೇಳಿಯೇಬಿಟ್ಟ. ತರಗತಿಯ ತುಂಟ ಅವನೇ.

"ನನ್ನ ಹತ್ರ ಏನಿದೆಯಪ್ಪಾ, ಈ ಕೀಗೊಂಚಲು ಬಿಟ್ರೆ," ಎಂದು ರಾಯ್ಸ್ ಅದನ್ನೆತ್ತಿ ಝಣಗುಟ್ಟಿಸಿದ. "ಇದನ್ನ ಕೊಟ್ರೆ ಮನೆಗೆ ನಡ್ಕೊಂಡು ಹೋಗ್ಬೇಕಾಗತ್ತೆ."

ಮಕ್ಕಳು ನಕ್ಕರು. ಆಮೇಲೂ ಆತ ಕೀಗೊಂಚಲನ್ನು ಕೈಬಿಡಲಿಲ್ಲ. ಡೆಸ್ಕಿನ ಮೇಲೆ ಅದನ್ನು ಉರುಳಿಸುತ್ತಲೇ ಇದ್ದ. ಆ ಸದ್ದು ಲೊರೀನ್‌ಳ ತಲೆಗೆ ಮೊಳೆ ಹೊಡೆದಂತೆ ಕೇಳುತ್ತಿತ್ತು.

ಅರ್ಧ ತಾಸು ಎಲ್ಲ ಸುಸೂತ್ರವಾಗಿ ನಡೆಯಿತು. ಒಬ್ಬಳು ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿದ ಮಗುವಿನ ಅಂಗಿ ತಂದಿದ್ದಳು. ಕುಸಿತದ ಕಾಲದಲ್ಲಿ ಹೆಂಗಸರು ಬಟ್ಟೆಗೆ ಗತಿಯಿಲ್ಲದೆ ಚೀಲಗಳನ್ನೇ ಹೊಲಿಯುತ್ತಿದ್ದರು. ಅದನ್ನು ಕಂಡ ಹಿಟ್ಟಿನ ಗಿರಣಿಯವರು ಚೀಲದ ಮೇಲೆ ಹೂವು ಅಚ್ಚು ಹಾಕತೊಡಗಿದರು. ಇನ್ನೊಬ್ಬ ಯುದ್ಧಕಾಲದ ಸಕ್ಕರೆಯ ಕೂಪನ್ನು ತಂದಿದ್ದ. ಕೋಲ್ಬಿ ಜೇಬಿನಿಂದ ತೆಗೆದದ್ದು ಬೀಗವಿರುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳ.

"ಎಪ್ಪತ್ಮೂರು. ಅರಬರು ಎಣ್ಣೆ ನಿಲ್ಲಿಸಿದ್ರು. ಆಗ ನಮ್ಮೂರಲ್ಲಿ ರಾತ್ರಿ ಹೊತ್ತು ಒಬ್ಬರ ಕಾರಿಂದ ಇನ್ನೊಬ್ರು ಪೈಪ್ ಹಾಕಿ ಪೆಟ್ರೋಲ್ ಹೀರ್ತಿದ್ರಂತೆ. ತಾತಂಗೆ ಚೆನ್ನಾಗಿ ನೆನಪಿದೆ."

"ಹೀರ್ತಿದ್ದೋನು ನಿಮ್ಮ ತಾತನೇ ಕಣೋ," ಎಂದ ರಾಯ್ಸ್ ಹಿಂದಿನಿಂದ. "ನನ್ನ ಪಿಕಪ್ ಖಾಲಿ ಮಾಡಿದ್ದ ಕಳ್ಳ."

ತರಗತಿ ಗೊಳ್ಳೆಂದಿತು. ಲೊರೀನ್‌ಳ ಹೆಗಲು ಸ್ವಲ್ಪ ಸಡಿಲವಾಯಿತು. ಹೀಗೆಯೇ ಮುಗಿದುಬಿಟ್ಟರೆ ಸಾಕೆಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಆಗ ನೈಲಾ ಬಾಯ್ಕಿನ್ ಎದ್ದಳು. ಕಪ್ಪು ಜನಾಂಗದ ಹುಡುಗಿ, ಮಾತು ಕಡಿಮೆ, ಉತ್ತರ ಪತ್ರಿಕೆ ಮಾತ್ರ ಎಲ್ಲರಿಗಿಂತ ಉದ್ದ. ಕೈಯಲ್ಲಿ ಅಡುಗೆಮನೆಯ ಟವೆಲು ಸುತ್ತಿದ ಏನೋ ಇತ್ತು. ಬಿಚ್ಚಿದಳು. ಅಂಗೈಯಗಲದ ನೀಲಿ ಟೈಲ್, ಒಂದು ಮೂಲೆ ಮುರಿದಿತ್ತು. ಅದರ ಮೇಲೆ ಕಪ್ಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: 5 ಅಡಿ.

"ಬಚ್ಚಲುಮನೆ ಕಿತ್ಕೊಂಡು ಬಂದಿದಾಳೆ," ಎಂದ ಕೋಲ್ಬಿ. ಯಾರೂ ನಗಲಿಲ್ಲ.

ಲೊರೀನ್‌ಗೆ ನೋಡಿದ ಕೂಡಲೇ ಗೊತ್ತಾಯಿತು, ಈಜುಕೊಳದ ಅಂಚಿನಲ್ಲಿ ಆಳ ತೋರಿಸಲು ಹಾಕುವ ಟೈಲ್ ಅದು. ಲೈಬ್ರರಿಯ ಹಿಂದಿನ ಹುಲ್ಲುಹಾಸು ಒಂದು ಕಾಲದಲ್ಲಿ ಊರಿನ ಈಜುಕೊಳವಾಗಿತ್ತೆಂದು ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಅತ್ತೆ ಪಿಸುಮಾತಿನಲ್ಲಿ ಹೇಳಿದ್ದಳು. ಊರಿಗೆಲ್ಲ ಗೊತ್ತಿರುವ, ಊರಲ್ಲಿ ಯಾರೂ ಬಾಯಿಬಿಡದ ಸಂಗತಿ. ಅತ್ತೆ ಇನ್ನೂ ಒಂದು ಮಾತು ಹೇಳಿದ್ದಳು: ಅದನ್ನು ಮುಚ್ಚಲು ಮಣ್ಣು ಹೊಡೆದದ್ದು ರಾಯ್ಸ್ ಹ್ಯಾಚರ್ ಮನೆಯವರ ಲಾರಿ.

ಹಿಂದಿನ ಡೆಸ್ಕಿನಲ್ಲಿ ಕೀಗೊಂಚಲಿನ ಸದ್ದು ನಿಂತಿತ್ತು.

"ನೈಲಾ," ಎಂದಳು ಲೊರೀನ್. ತನ್ನ ದನಿ ತನಗೇ ತೆಳುವಾಗಿ ಕೇಳಿಸಿತು. "ಹೊತ್ತಾಗ್ತಾ ಬಂತು. ಇದು ಪರೀಕ್ಷೆಗೆ ಬರೋದಿಲ್ಲ ಅಲ್ವಾ? ನಾಳೆ ನೋಡೋಣ."

"ಕೋಲ್ಬಿಯ ಪೆಟ್ರೋಲ್ ಮುಚ್ಚಳಾನೂ ಪರೀಕ್ಷೆಗೆ ಬರಲ್ಲ ಮ್ಯಾಮ್."

ಒರಟಾಗಿಯೇನೂ ಹೇಳಲಿಲ್ಲ ಹುಡುಗಿ. ಕೈಯಲ್ಲಿ ಟೈಲ್ ಹಿಡಿದು ಸುಮ್ಮನೆ ನಿಂತಳು. ಆ ನಿಲುವೇ ಲೊರೀನ್‌ಳನ್ನು ಕಂಗೆಡಿಸಿತು. ಇಷ್ಟು ವರ್ಷ ಹಗ್ಗ ಕಟ್ಟಿದ್ದಾಳೆ, ದೂರದ ಬರ್ಲಿನ್ನಿನ ಗೋಡೆಯ ಚೂರೆಂದು ಯಾರೋ ರಸ್ತೆಬದಿಯ ಕಲ್ಲು ತಂದರೂ ನೇತುಹಾಕಿಸಿದ್ದಾಳೆ. ಶಾಲೆಯಿಂದ ಕೂಗಳತೆಯಲ್ಲಿ ಹೂತುಹೋದ ಕೊಳವನ್ನು ಮಾತ್ರ ಒಂದು ಸಲವೂ ಬಾಯಿಗೆ ತಂದಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ವೆಂಡೆಲ್‌ನ ಮುಖ ಕಣ್ಣ ಮುಂದೆ ಬಂತು. ಬೆಳಿಗ್ಗೆ ಕೋಟಿನ ಗುಂಡಿ ಹಾಕಿಕೊಳ್ಳಲಾಗದೆ, "ನೀನೇ ಹಾಕು ಮಾರಾಯ್ತಿ" ಎಂದು ನಕ್ಕಿದ್ದ ಮುಖ.

ಅವಳು ಕ್ಲಿಪ್ಪಿನ ಡಬ್ಬಕ್ಕೆ ಕೈಹಾಕಿ, ದೊಡ್ಡದೊಂದು ಕ್ಲಿಪ್ಪು ಆರಿಸಿ ನೈಲಾಳಿಗೆ ಕೊಟ್ಟಳು.

"ಇಸವಿ?" ಎಂದಳು.

"ಅರವತ್ಮೂರು ಮ್ಯಾಮ್. ನಮ್ಮ ಚಿಕ್ಕಪ್ಪ ನೀರಿನ ಪೈಪಿನ ಕೆಲಸ ಮಾಡ್ತಾರೆ. ಹೋದ ವಾರ ಲೈಬ್ರರಿ ಹಿಂದೆ ಅಗೀತಾ ಇರೋವಾಗ ಸಿಕ್ತು." ಟವೆಲಿನಲ್ಲೇ ಟೈಲನ್ನು ಜೋಳಿಗೆಯಂತೆ ಕಟ್ಟಿ, ನೀಲಿ ಮುಖ ಹೊರಗೆ ಕಾಣುವ ಹಾಗೆ ಬಿಟ್ಟಳು. "ಏನು ಬದಲಾಯ್ತು ಅಂದ್ರೆ, ಬಿಳಿಯರಿಗಷ್ಟೇ ಇದ್ದ ಕೊಳಕ್ಕೆ ಎಲ್ರನ್ನೂ ಬಿಡಬೇಕು, ಕಪ್ಪು ಮಕ್ಕಳನ್ನೂ ಬಿಡಬೇಕು ಅಂತ ಕೋರ್ಟ್ ಹೇಳ್ತು. ಊರವರು ಸರಿ ಅನ್ನಲಿಲ್ಲ, ಆಗಲ್ಲ ಅಂತಾನೂ ಅನ್ನಲಿಲ್ಲ. ಕೊಳಾನೇ ಮುಚ್ಚಿಬಿಟ್ರು. ತಮ್ಮ ಮಕ್ಕಳಿಗೂ ಇಲ್ಲ ಅನ್ನೋ ಹಾಗೆ."

ಯಾರೋ ಕುರ್ಚಿ ಸರಿಸಿದರು. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಲೊರೀನ್‌ಗೆ ಬರಲಿಲ್ಲ.

"ಯಾರಿಗೆ ನೆನಪಿದೆ?"

"ನಮ್ಮಜ್ಜಿಗೆ. ಆಗ ಹನ್ನೊಂದು ವರ್ಷ. ಈ ಸಲ ಒಳಗೆ ಬಿಡ್ತಾರಂತೆ ಅಂತ ಅವರಮ್ಮ ಹಳದಿ ಈಜುಡುಗೆ ಹೊಲಿದುಕೊಟ್ಟಿದ್ರು. ಹಾಕ್ಕೊಂಡು ಬೇಲಿ ಹತ್ರ ಹೋದಾಗ ಲಾರಿ ಮಣ್ಣು ಸುರೀತಾ ಇತ್ತು. ನೀರು ಇನ್ನೂ ಒಳಗೇ ಇತ್ತಂತೆ. ಅದು ತಣ್ಣಗಿತ್ತಾ ಬೆಚ್ಚಗಿತ್ತಾ ಅಂತ್ಲೂ ನನಗೆ ಗೊತ್ತಾಗ್ಲಿಲ್ಲ ಅಂತಾರೆ ಅಜ್ಜಿ. ಇವತ್ತಿಗೂ ಅವರಿಗೆ ಈಜು ಬರಲ್ಲ." ನೈಲಾ ಹಗ್ಗದ ಉದ್ದಕ್ಕೂ ಕಣ್ಣಾಡಿಸಿದಳು. "ತಿಂಗಳು ಸರಿಯಾಗಿ ನೆನಪಿಲ್ಲವಂತೆ, ಬಿಸಿಲಿತ್ತು ಅಷ್ಟೇ ಅಂತಾರೆ."

ಅರವತ್ಮೂರರ ಚೀಟಿಗಳು ಒತ್ತೊತ್ತಾಗಿದ್ದವು. ಆಗಸ್ಟಿನಲ್ಲಿ ವಾಷಿಂಗ್ಟನ್ನಿಗೆ ನಡೆದ ಮೆರವಣಿಗೆ, ನವೆಂಬರಿನಲ್ಲಿ ಅಧ್ಯಕ್ಷರ ಕೊಲೆ. ಅವೆರಡರ ನಡುವೆ ನೈಲಾ ಟೈಲನ್ನು ನೇತುಹಾಕಿದಳು. ಭಾರಕ್ಕೆ ಹಗ್ಗ ಜಗ್ಗಿತು.

"ಅಲ್ಲಲ್ಲ."

ರಾಯ್ಸ್ ಎದ್ದು ನಿಂತಿದ್ದ. ಡೆಸ್ಕು ಅವನ ಮೊಣಕಾಲಿಗೆ ಸಿಕ್ಕಿ ಅರ್ಧ ಎದ್ದು ಧಡ್ಡನೆ ಬಿತ್ತು. ಅವನ ಮುಖ ಕೆಂಪಗಾಗಿತ್ತು.

ಮುಗಿಯಿತು, ಎಂದುಕೊಂಡಳು ಲೊರೀನ್. ಆದರೂ ಎರಡು ಹೆಜ್ಜೆ ಮುಂದೆ ಹೋಗಿ ನೈಲಾಳ ಪಕ್ಕದಲ್ಲಿ ನಿಂತಳು. "ಮಿಸ್ಟರ್ ರಾಯ್ಸ್, ತಪ್ಪೇನಾದ್ರೂ ಇದ್ರೆ ನನಗೆ ಹೇಳಿ. ಹುಡುಗಿಗಲ್ಲ. ಹಗ್ಗ ನಂದು."

"ಜಾಗ ತಪ್ಪು," ಎಂದ ರಾಯ್ಸ್. ಸಾಲುಗಳ ನಡುವೆ ನಡೆದು ಬಂದ. ಮಕ್ಕಳು ಕಾಲು ಎಳೆದುಕೊಂಡು ದಾರಿ ಬಿಟ್ಟರು. "ಅದು ಮೇ ತಿಂಗಳು. ಶಾಲೆಗೆ ಬೇಸಿಗೆ ರಜೆ ಇನ್ನೂ ಬಿಟ್ಟಿರಲಿಲ್ಲ. ಕಿಟಕಿಯಿಂದ ಧೂಳು ಕಾಣ್ತಿತ್ತು, ಟೀಚರ್ ಪರದೆ ಎಳೆದ್ರು." ದಪ್ಪ ಬೆರಳುಗಳಿಂದ ಕ್ಲಿಪ್ಪು ಬಿಚ್ಚಿ, ಟೈಲನ್ನು ಮೆರವಣಿಗೆಯ ಚೀಟಿ ದಾಟಿಸಿ, ಕಿಟಕಿಯ ಕಡೆಗೆ ಒಂದು ಮೊಳ ಸರಿಸಿ ಮತ್ತೆ ಹಾಕಿದ. "ಇಲ್ಲಿ. ಜುಲೈಗೆ ಮುಂಚೆ."

ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಆತ ಮಾತ್ರ ವಾಪಸು ಹೋಗಲಿಲ್ಲ. ಟೈಲಿನ ಪಕ್ಕದ ಖಾಲಿ ಹಗ್ಗವನ್ನೇ ನೋಡುತ್ತ ನಿಂತ. ಆಮೇಲೆ ಕೀಗೊಂಚಲು ತೆಗೆದು ಅದರ ರಿಂಗು ಬಿಡಿಸಲು ಹೊರಟ. ದಪ್ಪ ಉಗುರು ಸಂದಿಗೆ ಹೋಗಲಿಲ್ಲ. ಲೊರೀನ್ ಅದನ್ನು ತೆಗೆದುಕೊಂಡು ತನ್ನ ಉಗುರಿನಿಂದ ಬಿಡಿಸಿ ಕೊಟ್ಟಳು. ಕೀಗಳ ನಡುವೆ ಸವೆದ ಹಿತ್ತಾಳೆಯ ಬಿಲ್ಲೆಯೊಂದಿತ್ತು. ತೂತಿನಲ್ಲಿ ಸೇಫ್ಟಿ ಪಿನ್ನಿನ ತುಕ್ಕು. ಮೇಲೆ ಸಂಖ್ಯೆ ನಲವತ್ತೊಂದು.

"ಕೊಳದ ಬಿಲ್ಲೆ," ಎಂದ ರಾಯ್ಸ್, ಮಕ್ಕಳಿಗಲ್ಲ, ಹಗ್ಗಕ್ಕೆ ಹೇಳುವಂತೆ. "ಚಡ್ಡಿಗೆ ಚುಚ್ಕೊಂಡು ಹೋಗ್ಬೇಕಿತ್ತು. ಇಲ್ಲದಿದ್ರೆ ಒಳಗೆ ಬಿಡ್ತಿರಲಿಲ್ಲ. ನಮ್ಮಣ್ಣ ಡೀನ್‌ದು."

ಅದನ್ನು ಟೈಲಿನ ಪಕ್ಕಕ್ಕೆ, ಬಾಗಿಲ ಕಡೆಗೆ ಹಾಕಿದ. ಕ್ಲಿಪ್ಪು ಎರಡು ಸಲ ಜಾರಿತು.

"ಇಸವಿ ಹೇಳ್ಬೇಕಲ್ಲ. ಅರವತ್ಮೂರೇ. ಜುಲೈ. ಏನು ಬದಲಾಯ್ತು ಅಂದ್ರೆ…" ಆತ ಉಸಿರು ಎಳೆದುಕೊಂಡ. "ಕೊಳ ಇರಲಿಲ್ಲವಲ್ಲ, ಆ ಬೇಸಿಗೆ ಹುಡುಗರೆಲ್ಲ ನದಿಗೆ ಹೋದ್ವಿ. ಡೀನ್‌ಗೆ ಹದಿಮೂರು. ಚೆನ್ನಾಗಿ ಈಜ್ತಿದ್ದ, ಆದ್ರೆ ಐದಡಿ ಕೊಳದಲ್ಲಿ ಕಲಿತ ಈಜು ಅದು. ನದಿಯ ಸುಳಿ ಅವನಿಗೇನು ಗೊತ್ತು? ನಾನು ದಡದಲ್ಲೇ ಇದ್ದೆ."

ಕೋಲ್ಬಿ ತಲೆ ತಗ್ಗಿಸಿದ್ದ.

"ಮೊದಲನೇ ಲಾರಿ ಮಣ್ಣು ಸುರಿದೋನು ನಮ್ಮಪ್ಪ. ಅದನ್ನ ಊರಲ್ಲಿ ಹೆಮ್ಮೆಯಿಂದ ಹೇಳ್ಕೋತಿದ್ದ. ಡೀನ್ ಹೋದ್ಮೇಲೆ ಅದರ ಸುದ್ದಿ ಎತ್ತಲಿಲ್ಲ. ನಮ್ಮನೇಲಿ ಕೊಳದ ಮಾತು ಬಂದ್ರೆ ಬರೀ ಕೊಳ, ನದಿ ಮಾತು ಬಂದ್ರೆ ಬರೀ ನದಿ. ಎರಡನ್ನೂ ಒಂದೇ ಉಸಿರಲ್ಲಿ ಯಾರೂ ಹೇಳಿದ್ದಿಲ್ಲ. ನದಿ ನುಂಗ್ತು ಅಂತಾನೇ ನಾನೂ ಹೇಳ್ಕೊಂಡು ಬಂದೆ." ಆತ ಟೈಲನ್ನೂ ಬಿಲ್ಲೆಯನ್ನೂ ಒಂದಾದಮೇಲೊಂದು ಬೆರಳಿನಿಂದ ಮುಟ್ಟಿದ. "ಯಾರಿಗೆ ನೆನಪಿದೆ ಅಂದ್ರೆ, ನನಗೊಬ್ಬನಿಗೆ. ಉಳಿದೋರೆಲ್ಲ ಸತ್ರು."

ಗಂಟೆ ಹೊಡೆಯಿತು. ಪಡಸಾಲೆಯಲ್ಲಿ ಬೇರೆ ತರಗತಿಗಳ ಗದ್ದಲ ಎದ್ದಿತು. ಇಲ್ಲಿ ಯಾರೂ ಏಳಲಿಲ್ಲ. ಕೊನೆಗೆ ಲೊರೀನ್ ತಲೆಯಾಡಿಸಿದಾಗ ಮಕ್ಕಳು ಚೀಲ ಎತ್ತಿಕೊಂಡು, ಸದ್ದಿಲ್ಲದೆ ಹಗ್ಗದ ಕೆಳಗೆ ಬಗ್ಗಿ ಹೊರಗೆ ಹೋದರು. ನೈಲಾ ಬಾಗಿಲ ಹತ್ತಿರ ನಿಂತಳು.

ರಾಯ್ಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಸಂಜೆ ಅವರು ಕೇಳೋದು ಒಂದೇ ಪ್ರಶ್ನೆ ಮಿಸ್ ಲೊರೀನ್. ತರಗತಿಯಲ್ಲಿ ಕೂತ ಯಾರ ಮನಸ್ಸಿಗಾದ್ರೂ ನೋವಾಯ್ತಾ ಅಂತ. ನನ್ನ ಕೈಲಿ ಸುಳ್ಳು ಹೇಳಕ್ಕಾಗಲ್ಲ."

"ಸುಳ್ಳು ಹೇಳಬೇಡಿ," ಎಂದಳು ಲೊರೀನ್. ವೆಂಡೆಲ್‌ನ ಔಷಧಿಯ ಡಬ್ಬ ಅವಳ ಕಣ್ಣಿಗೆ ಕಟ್ಟಿದಂತಿತ್ತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಆಯ್ತು ಅಂತ ಹೇಳ್ತೀನಿ. ಒಬ್ಬನಿಗೆ ಆಯ್ತು, ಎಪ್ಪತ್ತರ ಹತ್ತಿರದ ಮುದುಕನಿಗೆ. ಅವನಿಗೆ ಆ ನೋವು ಒಂಬತ್ತನೇ ವಯಸ್ಸಲ್ಲೇ ಆಗ್ಬೇಕಿತ್ತು, ಯಾರೂ ಆಗಕ್ಕೆ ಬಿಡಲಿಲ್ಲ ಅಂತ್ಲೂ ಹೇಳ್ತೀನಿ. ನಿಮ್ಮನ್ನ ತೆಗೆದ್ರೆ ನನ್ನೂ ತೆಗೀಬೇಕು ಅಂತೀನಿ. ನನ್ನ ಮಾತು ಮೀರಿ ಕೈಯೆತ್ತೋ ಗಂಡಸು ಆ ಮಂಡಳಿಯಲ್ಲಿಲ್ಲ, ಎಲ್ರ ಟೈರೂ ನನ್ನ ಅಂಗಡೀಲಿ ಮಾಡಿದ ಸಾಲದಲ್ಲೇ ಓಡ್ತಿದೆ." ನಗಲು ನೋಡಿದ, ಆಗಲಿಲ್ಲ. ಲೊರೀನ್ ಮೇಜಿನ ಅಂಚು ಹಿಡಿದುಕೊಂಡಳು.

ಆತ ಬಾಗಿಲ ಹತ್ತಿರ ಬಂದಾಗ ನೈಲಾ ದಾರಿ ಬಿಡಲಿಲ್ಲ.

"ಮಿಸ್ಟರ್ ರಾಯ್ಸ್, ಮನೆಗೆ ಹೋದ್ರೆ ಅಜ್ಜಿ ಕೇಳ್ತಾರೆ. ನೀರು ಹೇಗಿತ್ತು?"

ರಾಯ್ಸ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಮೇಲೆ ಬೆಚ್ಚಗಿತ್ತಮ್ಮ," ಎಂದ. "ಐದಡಿ ಹತ್ರ ಕಾಲಿಗೆ ತಣ್ಣಗಾಗ್ತಿತ್ತು. ನಿಮ್ಮಜ್ಜಿ ಮನೇಲಿರ್ತಾರಾ? ನಾನೇ ಬಂದು ಹೇಳ್ತೀನಿ."