ಮೇಲೆತ್ತಿದ ಹೆಬ್ಬೆರಳು

ಮಗಳು ಅನುರಾಧಾಳ ಟರ್ಬೊ ಕಾರಿಗೆ ಹೊಸ ಸೈಲೆನ್ಸರ್ ಆರಿಸಲು ಸಾತಪುರದ ಗ್ಯಾರೇಜಿಗೆ ಹೋಗಿದ್ದೆವು. "ಸಣ್ಣ ಆವಾಜಿಂದೇ ಹಾಕಸ್ರಿ, ಓಣ್ಯಾಗ ಕೂಸುಗಳವ," ಎಂದು ಹೆಂಡತಿ ನನ್ನನ್ನು ಕಾವಲಿಗೆ ಕಳಿಸಿದ್ದಳು.

"ಟರ್ಬೊ ಅರ್ಧಾ ಆವಾಜ್ ನುಂಗ್ತದ ಪಪ್ಪಾ, ಜರಾ ದೊಡ್ಡದೇ ಬೇಕು," ಅಂದಳು ಅನು.

ಮೆಕ್ಯಾನಿಕ್ ಎಲ್ಲಕ್ಕಿಂತ ದಪ್ಪನೆಯ ಪೈಪು ಕೂಡಿಸಿ ಎಂಜಿನ್ ರೇಸ್ ಮಾಡಿದ. ತಗಡಿನ ಛಾವಣಿಯೇ ಅದುರಿತು. "ಸಾಕು, ಬ್ಯಾಡ!" ಎಂದು ಅರಚಿದ್ದು ನನಗೇ ಕೇಳಲಿಲ್ಲ. ಜೀವಮಾನವೆಲ್ಲ ಕಾದ ಕಬ್ಬಿಣ ಬಡಿಯುವ ಫೋರ್ಜಿಂಗ್ ಕಾರ್ಖಾನೆಯಲ್ಲಿ ದುಡಿದ ಕೈ ಹೆಬ್ಬೆರಳು ಚಾಚಿ ತಾನಾಗಿಯೇ ಮೇಲೆದ್ದಿತು. ಅಲ್ಲಿನ ಗದ್ದಲದಲ್ಲಿ ಮಾತು ನಡೆಯುವುದಿಲ್ಲ. ಹೆಬ್ಬೆರಳು ಎತ್ತಿದರೆ ಹ್ಯಾಮರ್ ಮೇಲೆತ್ತು, ನಿಲ್ಲಿಸು ಎಂದರ್ಥ.

ಮೆಕ್ಯಾನಿಕ್ ನಕ್ಕು ತಾನೂ ಹೆಬ್ಬೆರಳು ಎತ್ತಿದ. ಅನು ಓಡಿ ಬಂದು ತಬ್ಬಿಕೊಂಡಳು. "ನಿಮಗೂ ಪಸಂದ್ ಬಂತಲ್ಲ ಪಪ್ಪಾ!" ಚಿಕ್ಕವಳಿದ್ದಾಗಿನಿಂದ ಅವಳು ನನ್ನನ್ನು ಹಾಗೆ ಅಪ್ಪಿರಲಿಲ್ಲ. ಅದನ್ನೇ ಬಿಗಿಯಲು ಮೆಕ್ಯಾನಿಕ್‌ಗೆ ತಲೆಯಾಡಿಸಿಬಿಟ್ಟೆ.

ಮನೆ ಮುಂದೆ ಕಾರು ಗುಡುಗಿದಾಗ ಹೆಂಡತಿ ಕಿವಿ ಮುಚ್ಚಿಕೊಂಡು ಹೊರಬಂದಳು.

"ಪಪ್ಪಾನೇ ಆರಿಸ್ಯಾರ!" ಎಂದು ಮಗಳು ಕಿಟಕಿಯಿಂದ ಕೂಗಿದಳು.

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಬಂದ್ ಮಾಡವ್ವಾ ಎಂದು ಮಗಳಿಗೆ ಹೇಳಬೇಕಿತ್ತು. ಹಾಳಾದ ಹೆಬ್ಬೆರಳು ಮತ್ತೆ ಮೇಲೆದ್ದಿತು. ಅನು ಖುಷಿಯಿಂದ ಎಕ್ಸಿಲರೇಟರ್ ಇನ್ನೂ ಜೋರಾಗಿ ತುಳಿದಳು.